ಗೋಪಿನಾಥನ ತೊಂಬತ್ತೆಂಟು

ಪೆನ್ಸಿಲ್ ಮತ್ತು ರಬ್ಬರ್ ತನ್ನಿ ಎಂದು ಯಾರಾದರೂ ಬರೆದು ಕಳಿಸಿದರೆ ಅದು ಪರೀಕ್ಷೆಯೇ. ಈ ವಿಷಯದಲ್ಲಿ ಗೋಪಿನಾಥನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕಡಲಾಚೆಯ ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಹದಿನಾರು ವರ್ಷದಿಂದ ಹಡಗಿನ ಕಾಗದಪತ್ರ ನೋಡುವ ಕೆಲಸ ಅವನದು. ಕಂಟೇನರಿನ ಬಾಗಿಲು ತೆರೆಯದೆ, ಬರೀ ಕಾಗದ ಓದಿ ಒಳಗೇನಿದೆ ಎಂದು ಹೇಳಬಲ್ಲವನು ಎಂದು ಆಫೀಸಿನಲ್ಲಿ ಹೆಸರು ಪಡೆದಿದ್ದ. ಒಮ್ಮೆ ಅವನು ಟೈಲ್ಸ್ ಅಂದ ಕಂಟೇನರಿನಿಂದ ಒಣಮೀನು ಇಳಿದದ್ದು ಬೇರೆ ಮಾತು. ಅದು ಹಡಗಿನವರ ತಪ್ಪು ಎಂದು ಅವನು ಇಂದಿಗೂ ವಾದಿಸುತ್ತಾನೆ.

ಕಾಗದ ಬಂದದ್ದು ಪಕ್ಕದ ಪೆಟಾಲಿಂಗ್ ಜಯಾ ಪಟ್ಟಣದ ಒಂದು ಹೊಸ ಶಾಲೆಯಿಂದ. ಗೋಪಿನಾಥನ ಒಂಬತ್ತು ವರ್ಷದ ಮಗಳು ಅಮೂಲ್ಯಾ ಜನವರಿಯಲ್ಲಿ ಅಲ್ಲಿಗೆ ಸೇರುವವಳಿದ್ದಳು. ಶಾಲೆ ಶುರುವಾಗುವ ಮೊದಲಿನ ಶನಿವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ತಂದೆ ತಾಯಿ ಇಬ್ಬರೂ ಮಗುವಿನ ತರಗತಿಯಲ್ಲಿ ಬಂದು ಕೂರಬೇಕು; ಪೆನ್ಸಿಲ್, ರಬ್ಬರ್ ತರಬೇಕು; ಶಿಕ್ಷಕಿಯರು ನಿಮ್ಮೊಡನೆ ಮಾತನಾಡುತ್ತಾರೆ; ಇಷ್ಟಾದ ಮೇಲೆ ಮಗುವಿನ ದಾಖಲಾತಿ ಪೂರ್ಣವಾಗುತ್ತದೆ. ಇಷ್ಟೇ ಇದ್ದದ್ದು. ಗೋಪಿನಾಥ ಅದನ್ನು ಮೂರು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಹೆಂಡತಿ ಭವ್ಯಶ್ರೀಯ ಮುಂದೆ ಇಟ್ಟ.

"ನಮಗೇ ಪರೀಕ್ಷೆ ಕಣೇ. ಪಾಸಾದ್ರೆ ಮಗೂಗೆ ಸೀಟು."

"ಸುಮ್ನಿರಿ. ಬಂದು ಕೂತ್ಕೊಳಿ ಅಂದಿದಾರೆ ಅಷ್ಟೇ. ಬೇಕಾದ್ರೆ ಒಂದು ಫೋನ್ ಮಾಡಿ ಕೇಳಿ."

"ಫೋನ್ ಮಾಡಿ ಪರೀಕ್ಷೆ ಇದ್ಯಾ ಅಂತ ಕೇಳಿದ್ರೆ ನಮಗೆ ಭಯ ಅಂತ ಗೊತ್ತಾಗಲ್ವಾ? ಮೊದಲನೇ ಮಾರ್ಕು ಅಲ್ಲೇ ಹೋಗುತ್ತೆ."

ಅವನ ಭಯಕ್ಕೆ ಆಧಾರವಿರಲಿಲ್ಲ ಎನ್ನುವಂತಿಲ್ಲ. ಅವನ ಅಣ್ಣ ಬೆಂಗಳೂರಿನಲ್ಲಿ ಮಗನನ್ನು ಎಲ್‌ಕೆಜಿಗೆ ಸೇರಿಸಲು ಹೋದಾಗ, ಶಾಲೆಯವರು ಮಗುವನ್ನು ಉಯ್ಯಾಲೆಗೆ ಕಳಿಸಿ ಅಪ್ಪ ಅಮ್ಮನನ್ನು ಒಳಗೆ ಕೂರಿಸಿಕೊಂಡಿದ್ದರು. ನಮ್ಮ ಶಾಲೆಯೇ ಏಕೆ ಬೇಕು ಎಂದು ಅತ್ತಿಗೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ಅತ್ತಿಗೆ ಪ್ರಾಮಾಣಿಕ ಹೆಂಗಸು, ಮನೆಗೆ ಹತ್ತಿರ ಅಂದರು. ಸೀಟು ಪಕ್ಕದ ಮನೆಯವರಿಗೆ ಹೋಯಿತು. ಆ ಮನೆತನದಲ್ಲಿ ಹೆಣ್ಣು ನೋಡಿದ ಕಥೆ, ಆಸ್ತಿ ಪಾಲಾದ ಕಥೆಗಳ ಸಾಲಿನಲ್ಲಿ ಈ ಕಥೆಯೂ ಸೇರಿಹೋಗಿದೆ.

ಆದರೆ ಗೋಪಿನಾಥ ಇಷ್ಟು ಹೆದರಿದ್ದು ಅಣ್ಣನ ಕಥೆಯಿಂದಲ್ಲ. ಅದರ ಕಾರಣ ಹದಿನಾಲ್ಕು ವರ್ಷ ಹಿಂದಿನದು, ಅದು ನಡೆದದ್ದು ಮೈಸೂರಿನಲ್ಲಿ, ಭವ್ಯಶ್ರೀಯನ್ನು ನೋಡಲು ಹೋದ ದಿನ. ಅವಳ ತಂದೆ ನಿವೃತ್ತ ಗಣಿತದ ಮೇಷ್ಟ್ರು. ಹುಡುಗನ ಸಂಬಳ ಕೇಳಲಿಲ್ಲ, ಜಾತಕ ಕೇಳಲಿಲ್ಲ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎಷ್ಟು ಬಂದಿತ್ತು ಎಂದು ಕೇಳಿದರು. ಗೋಪಿನಾಥನ ಬಾಯಿ ತುಂಬ ಉಪ್ಪಿಟ್ಟಿತ್ತು. ಸಂಬಂಧ ತಂದಿದ್ದ ದಲ್ಲಾಳಿ ಕೂಡಲೇ ನೂರಕ್ಕೆ ತೊಂಬತ್ತೆಂಟು ಎಂದ. ಗೋಪಿನಾಥ ಉಪ್ಪಿಟ್ಟು ನುಂಗುವುದರೊಳಗೆ ಮಾವನವರು ಎದ್ದು ಬಂದು ಅವನ ಕೈ ಕುಲುಕಿ, ಒಳಮನೆಗೆ ಕೇಳುವಂತೆ ಹುಡುಗ ಒಪ್ಪಿಗೆ ಎಂದುಬಿಟ್ಟಿದ್ದರು.

ನಿಜದ ಸಂಗತಿಯೆಂದರೆ, ಗುಬ್ಬಿಯ ಸರ್ಕಾರಿ ಹೈಸ್ಕೂಲಿನ ದಾಖಲೆಯಂತೆ ಗೋಪಿನಾಥನಿಗೆ ಗಣಿತದಲ್ಲಿ ಬಂದದ್ದು ಹದಿನೇಳು. ಎರಡನೇ ಸಲ ಹತ್ತೊಂಬತ್ತು. ಮೂರನೇ ಸಲ ಮೂವತ್ತೈದು, ಅದರಲ್ಲೂ ನಾಲ್ಕು ಸರ್ಕಾರದ ಕೃಪೆ. ಈ ಸಂಗತಿ ಜಗತ್ತಿನಲ್ಲಿ ಅವನೊಬ್ಬನನ್ನು ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ತೊಂಬತ್ತೆಂಟು ಮಾತ್ರ ಮೈಸೂರಿನಿಂದ ವಿಮಾನ ಹತ್ತಿ ಅವರಿದ್ದ ಪುಚೊಂಗಿನ ಕಾಂಡೋ ಅಪಾರ್ಟ್‌ಮೆಂಟಿನವರೆಗೂ ಬಂದು ಮನೆಯ ಒಬ್ಬ ಸದಸ್ಯನಂತೆ ವಾಸವಾಗಿತ್ತು.

ಅದರಿಂದ ತೊಂದರೆಯಾದದ್ದು ಅಮೂಲ್ಯಾಳಿಗೆ. ಅವಳ ಹಳೆಯ ಶಾಲೆಯಲ್ಲಿ ಗುರುವಾರಕ್ಕೊಂದು ಗಣಿತದ ಟೆಸ್ಟು. ಗುರುವಾರಕ್ಕೊಂದು ಹೊಟ್ಟೆನೋವು. ಡಾಕ್ಟರು ಸ್ಕ್ಯಾನ್ ಮಾಡಿ ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಶುಕ್ರವಾರ ಬೆಳಿಗ್ಗೆ ನೋವು ತಾನಾಗಿ ಹೋಗಿರುತ್ತಿತ್ತು. ಕೊನೆಯ ಟೆಸ್ಟಿನಲ್ಲಿ ನೂರಕ್ಕೆ ಇಪ್ಪತ್ತೆರಡು ಬಂದಾಗ ಮೈಸೂರಿನ ತಾತ ಫೋನಿನಲ್ಲಿ ಪ್ರೀತಿಯಿಂದಲೇ, "ನಿಮ್ಮಪ್ಪನ ತಲೆ ನಿಂಗೆ ಬರಬೇಕಿತ್ತು ಕಣೇ ಪುಟ್ಟಿ," ಅಂದಿದ್ದರು. ಗೋಪಿನಾಥ ಅವತ್ತು ಎದ್ದು ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆಯನ್ನು ಮತ್ತೆ ಹಿಂಡಿ ಹಾಕಿದ್ದ.

ಅದಕ್ಕೇ ಭವ್ಯಶ್ರೀ ಈ ಹೊಸ ಶಾಲೆಯನ್ನು ಹುಡುಕಿದ್ದು. ಅಲ್ಲಿ ಟೆಸ್ಟಿಲ್ಲ, ರ‍್ಯಾಂಕಿಲ್ಲ, ತರಗತಿಗೆ ಇಪ್ಪತ್ತನಾಲ್ಕೇ ಮಕ್ಕಳು, ಅಂಗಳದಲ್ಲಿ ಒಂದು ಆಮೆ. ಹನ್ನೊಂದು ತಿಂಗಳು ಕಾದ ಮೇಲೆ ಸೀಟು ಸಿಕ್ಕಿತ್ತು. ಅಮೂಲ್ಯಾ ಆಮೆಗೆ ಆಗಲೇ ಎರಡು ಹೆಸರು ಯೋಚಿಸಿಟ್ಟಿದ್ದಳು, ಗಂಡಾದರೆ ಒಂದು, ಹೆಣ್ಣಾದರೆ ಒಂದು. ಇಂಥ ಸೀಟು ಅಪ್ಪನ ಗಣಿತದಿಂದ ಕೈತಪ್ಪಿತು ಎಂದಾದರೆ ಗೋಪಿನಾಥ ಯಾವ ಮುಖ ಹೊತ್ತು ಮನೆಗೆ ಬರಬೇಕು?

ಸಂಜೆ ಅವನು ಕಾಂಡೋ ಎದುರಿನ ಮಾಮಕ್ ಎಂಬ ಚಹಾ ತಿಂಡಿಯ ಅಂಗಡಿಯಲ್ಲಿ ಅಜೀಜರನ್ನು ಹಿಡಿದ. ಅಜೀಜರು ಭಟ್ಕಳದವರು, ಬಂದರಿನಲ್ಲಿ ಕ್ರೇನ್ ಎಂಜಿನಿಯರ್, ಕಾಲೇಜಿನಲ್ಲಿ ಚಿನ್ನದ ಪದಕ ಪಡೆದವರು. ಅವರ ಮಗ ಝೈದನೂ ಅದೇ ಶಾಲೆಗೆ ಸೇರುವವನಿದ್ದ. ಕಾಗದ ಅವರಿಗೂ ಬಂದಿತ್ತು, ಓದಿ ಮಡಚಿಟ್ಟು ನೆಮ್ಮದಿಯಾಗಿದ್ದರು. ಗೋಪಿನಾಥ ಅಣ್ಣನ ಕಥೆ ಹೇಳಿ ಮುಗಿಸುವ ಹೊತ್ತಿಗೆ ಅವರ ತೆ ತಾರಿಕ್ ಚಹಾ ಆರಿಹೋಗಿ ಕೆನೆಗಟ್ಟಿತ್ತು.

"ಹೌದಲ್ಲ ಮಾರಾಯ್ರೆ. ಪೆನ್ಸಿಲ್ ಯಾಕೆ ಮತ್ತೆ? ನಾನು ಗೋಲ್ಡ್ ಮೆಡಲಿಸ್ಟ್. ನಾಲ್ಕನೇ ಕ್ಲಾಸಿನ ಪರೀಕ್ಷೆಲಿ ಫೇಲಾದ್ರೆ ಭಟ್ಕಳಕ್ಕೆ ಹೋಗ್ಲಿಕ್ಕುಂಟಾ ನಾನು?"

ಪಕ್ಕದಲ್ಲಿದ್ದ ಅವರ ಹೆಂಡತಿ ಝುಬೇದಾ ಕೂಡಲೇ ಕೇಳಿದ್ದು ಒಂದೇ ಮಾತು. "ಜ್ಯಾಮಿಟ್ರಿ ಬಾಕ್ಸ್ ಬೇಕಾ?"

ಅದೇ ಮೇಜಿಗೆ ಬಂದು ಕೂತ ಮೂರನೆಯವರು ವಾಸಂತಿ. ಮೈಸೂರಿನವರು, ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಅವರ ಮಗ ಮಹಿತನದೂ ಅದೇ ಶಾಲೆ. ಅವರು ಗೋಪಿನಾಥನಂತೆ ಅಂಜುವವರಲ್ಲ, ನೇರವಾಗಿ ಶಾಲೆಗೆ ಮೇಲ್ ಬರೆದರು: ಪೋಷಕರು ಏನು ತಯಾರಿ ಮಾಡಿಕೊಂಡು ಬರಬೇಕು? ಉತ್ತರ ಅರ್ಧ ಗಂಟೆಯಲ್ಲಿ ಬಂತು. ಯಾವ ತಯಾರಿಯೂ ಬೇಡ, ನೀವು ಇರುವಂತೆಯೇ ಬನ್ನಿ. ವಾಸಂತಿ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರ ಮುಖ ನೋಡಿದರು.

"ಸರ್‌ಪ್ರೈಸ್ ಟೆಸ್ಟ್," ಅಂದರು.

ಆ ಮೇಜಿನ ಸುತ್ತ ಕೂತವರೆಲ್ಲ ಓದಿದವರು, ಲೋಕ ಕಂಡವರು. ಒಬ್ಬರಿಗೂ ಬೇರೆ ಅರ್ಥ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಪರೀಕ್ಷೆ ಬರೆದೇ ಮೇಲೆ ಬಂದವರಿಗೆ ತಯಾರಿ ಬೇಡ ಎನ್ನುವವರನ್ನು ಕಂಡರೆ ಗುಮಾನಿ ಬರುವುದು ಸಹಜ. ವಾಸಂತಿ ಅಲ್ಲೇ ಪಟ್ಟಿ ಮಾಡಿದರು. ಇಂಗ್ಲಿಷ್ ತಮಗೆ, ವಿಜ್ಞಾನ ಅಜೀಜರಿಗೆ, ಚಿತ್ರಕಲೆ ಝುಬೇದಾಗೆ. ದಿನಾ ಸಂಜೆ ಏಳರಿಂದ ಎಂಟೂವರೆ, ಕಾಂಡೋದ ಹಾಲ್‌ನಲ್ಲಿ.

"ಗಣಿತಕ್ಕೆ ಯಾರು?" ಎಂದು ಝುಬೇದಾ ಕೇಳಿದರು.

"ಇದೇನು ಪ್ರಶ್ನೆ?" ವಾಸಂತಿ ನಕ್ಕರು, ಭವ್ಯಶ್ರೀಯಿಂದ ಆ ಮಾರ್ಕು ಕಾಂಡೋಗೆಲ್ಲ ಗೊತ್ತಿತ್ತು. "ತೊಂಬತ್ತೆಂಟು ಇಲ್ಲೇ ಕೂತಿದೆಯಲ್ಲ."

ಗೋಪಿನಾಥನ ಬಾಯಿ ತುಂಬ ರೋಟಿ ಚನಾಯ್ ಇತ್ತು. ಈ ಮನುಷ್ಯನ ಬಾಳಿನ ದೊಡ್ಡ ತಿರುವುಗಳೆಲ್ಲ ಬಾಯಿ ತುಂಬಿರುವಾಗಲೇ ಬರುತ್ತವೆ, ಅದಕ್ಕೆ ಯಾರೇನು ಮಾಡಲಾದೀತು? ಅವನು ಬೇಡವೆಂದು ತಲೆಯಾಡಿಸಿದ. ನಮ್ಮ ಕಡೆಯವರು ತಲೆಯಾಡಿಸಿದರೆ ಅದು ವಿನಯವೆಂದೇ ಲೆಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ಅರ್ಧ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದು, ಭವ್ಯಶ್ರೀ ಕೆಲಸದಿಂದ ಬರುವುದರೊಳಗೆ, ಗೋಪಿನಾಥ ಮಗಳನ್ನು ಊಟದ ಮೇಜಿಗೆ ಕರೆದ. ನಾಲ್ಕನೇ ತರಗತಿಯ ಗಣಿತ ಪುಸ್ತಕ ಎದುರಿಗಿತ್ತು. ಅದರಲ್ಲಿ ಒಂದರ ಮೇಲೊಂದು ಕೂತ ಅಂಕಿಗಳನ್ನು ಕಂಡು ಅವನಿಗೆ ಗುಬ್ಬಿಯ ಬೆಂಚು ಮತ್ತೆ ಕಣ್ಣಮುಂದೆ ಬಂತು.

"ಅಮ್ಮೂ, ಒಂದು ಆಟ ಆಡೋಣ. ನೀನು ಟೀಚರ್. ನಾನು ಏನೂ ಗೊತ್ತಿಲ್ಲದ ಹುಡುಗ. ಹೇಗೆ ಹೇಳ್ಕೊಡ್ತೀಯ ನೋಡ್ತೀನಿ."

"ಬಟ್ ಅಪ್ಪಾ, ಐ ಆಲ್ಸೋ ಡೋಂಟ್ ನೋ."

"ಪರವಾಗಿಲ್ಲ. ನನಗಿಂತ ಒಂಚೂರು ಜಾಸ್ತಿ ಗೊತ್ತಿದ್ರೆ ಸಾಕು."

ಅಮೂಲ್ಯಾ ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡು ಅಡಿಗೆಮನೆಯ ಮರದ ಸೌಟು ಹಿಡಿದಳು. ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸಿದರೆ ಎಷ್ಟು ಎಂದು ಕೇಳಿದಳು. ಗೋಪಿನಾಥ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, ಐದನೆಯ ಎರಡು ಭಾಗ ಅಂದ.

"ಯು ಆಕ್ಟ್ ವೆರಿ ವೆಲ್ ಲಾ, ಅಪ್ಪಾ," ಅಂದಳು ಅಮೂಲ್ಯಾ, ಮೆಚ್ಚಿಕೊಂಡು. "ಸೇಮ್ ಮಿಸ್ಟೇಕ್ ನಾನೂ ಮಾಡ್ತಿದ್ದೆ."

"ಮಾಡ್ತಿದ್ದೆ ಅಂದ್ರೆ? ಈಗ ಮಾಡಲ್ವಾ?"

ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ ಮಾಮಕ್‌ನಿಂದ ತಪಾವ್ ಮಾಡಿ, ಎಂದರೆ ಕಟ್ಟಿಸಿಕೊಂಡು, ತಂದಿದ್ದ ರೋಟಿಗಳನ್ನು ಪೊಟ್ಟಣದಿಂದ ತೆಗೆದಳು. ಒಂದನ್ನು ಅರ್ಧ ಮಡಚಿ ತೋರಿಸಿದಳು. ಇನ್ನೊಂದನ್ನು ಮೂರು ಭಾಗ ಮಾಡಿ ಒಂದನ್ನು ಪಕ್ಕದಲ್ಲಿಟ್ಟಳು. ಎರಡೂ ಒಂದೇ ಅಳತೆಯಲ್ಲ, ಹೇಗೆ ಎಣಿಸುವುದು ಎಂದು ತನ್ನನ್ನೇ ಕೇಳಿಕೊಂಡು, ಕತ್ತರಿ ತಂದು, ಎಲ್ಲವನ್ನೂ ಸಮನಾದ ಸಣ್ಣ ಚೂರು ಮಾಡಿದಳು. ಒಂದು ಇಡೀ ರೋಟಿಗೆ ಆರು ಚೂರು. ಅರ್ಧದಲ್ಲಿ ಮೂರು, ಮೂರನೆಯ ಭಾಗದಲ್ಲಿ ಎರಡು.

"ಸೋ, ಐದು ಚೂರು. ಫೈವ್ ಬೈ ಸಿಕ್ಸ್. ಅಪ್ಪಾ, ಕರೆಕ್ಟಾ?"

ಗೋಪಿನಾಥ ಪುಸ್ತಕದ ಹಿಂದಿನ ಪುಟ ನೋಡಿದ. ಸರಿಯಾಗಿತ್ತು. ನಲವತ್ತಾರು ವರ್ಷ ಪ್ರಾಯದಲ್ಲಿ, ಕೈಯಲ್ಲಿ ಎಣ್ಣೆ ಮೆತ್ತಿದ ರೋಟಿಯ ಚೂರು ಹಿಡಿದು, ಆ ಮನುಷ್ಯನಿಗೆ ಭಿನ್ನರಾಶಿ ಅರ್ಥವಾಯಿತು. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಎದ್ದು ಹಾಲಿನಲ್ಲಿ ಎರಡು ಸುತ್ತು ಹೊಡೆದ.

"ಎರಡನ್ನೂ ಒಂದೇ ಅಳತೆಗೆ ತರಬೇಕು, ಅಷ್ಟೇ. ಇಷ್ಟೇನಾ? ಇಷ್ಟನ್ನ ಯಾಕೆ ಯಾರೂ ನನಗೆ..." ಎಂದವನು ತಟ್ಟನೆ ಬಾಯಿ ಮುಚ್ಚಿಕೊಂಡ. ಕಣ್ಣು ತುಂಬಿದ್ದು ಮಗಳಿಗೆ ಕಾಣದಿರಲೆಂದು ಉಳಿದ ಚೂರುಗಳನ್ನೆಲ್ಲ ಬೇಗಬೇಗ ತಿಂದ. ಅಮೂಲ್ಯಾ ನಾಳೆಯೂ ಆಡೋಣ ಅಂದಳು. ನಾಳೆ ಗುರುವಾರ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ.

ಸಂಜೆ ಹಾಲ್ ಕೇಳಲು ಹೋದಾಗ ಕಾಂಡೋದ ಮ್ಯಾನೇಜರ್ ಎಂಚಿಕ್ ರೊಸ್ಲಿ, ಎಂದರೆ ಶ್ರೀಯುತ ರೊಸ್ಲಿ, ಒಂದು ಫಾರಂ ಕೊಟ್ಟರು. ಅದರಲ್ಲಿ ಮೂರೇ ಕಾರಣಗಳಿದ್ದವು: ಮದುವೆ, ಹುಟ್ಟುಹಬ್ಬ, ಏರೋಬಿಕ್ಸ್. ಗೋಪಿನಾಥ ಬಹಳ ವಿಚಾರ ಮಾಡಿ ಏರೋಬಿಕ್ಸಿಗೆ ಗುರುತು ಹಾಕಿದ. ಮೊದಲ ದಿನವೇ ರೊಸ್ಲಿ ಬಾಗಿಲಲ್ಲಿ ಬಂದು ನಿಂತು ಹತ್ತು ನಿಮಿಷ ನೋಡಿದರು.

"ಬಾಸ್, ಈ ಏರೋಬಿಕ್ಸಿನಲ್ಲಿ ಯಾಕೆ ಎಲ್ಲರೂ ಕೂತೇ ಇದ್ದಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಗೋಪಿನಾಥ ವಿಷಯ ಹೇಳಬೇಕಾಯಿತು. ಶಾಲೆಗಳು ಈಗ ಮಕ್ಕಳಿಗೆ ಪರೀಕ್ಷೆ ನಿಲ್ಲಿಸಿ ಅಪ್ಪ ಅಮ್ಮನಿಗೆ ಇಡುತ್ತಿವೆ ಎಂಬುದನ್ನು ಕೇಳಿ ರೊಸ್ಲಿಯ ಮುಖ ಬಿಳಿಚಿಕೊಂಡಿತು. ಅವರಿಗೂ ಒಬ್ಬಳು ಮಗಳಿದ್ದಳು. ಕುರ್ಚಿ ಎಳೆದುಕೊಂಡು ಅಲ್ಲೇ ಕೂತರು. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಜನ ಎಲ್ಲ ದೇಶದಲ್ಲೂ ಇದ್ದಾರೆ. ಮೂರನೇ ದಿನಕ್ಕೆ ಹಾಲಿನಲ್ಲಿ ಹತ್ತೊಂಬತ್ತು ಜನ. ನಾಲ್ಕನೇ ಮಹಡಿಯ ಮಿಸೆಸ್ ಟಾನ್ ಕೂಡ ಬಂದರು. ಅವರ ಮಗ ಆಗಲೇ ಯೂನಿವರ್ಸಿಟಿಯಲ್ಲಿ ಕೊನೆಯ ವರ್ಷದಲ್ಲಿದ್ದ. ಯಾವುದಕ್ಕೂ ಇರಲಿ ಎಂದು ಬಂದದ್ದಾಗಿ ಹೇಳಿದರು.

ಅಚ್ಚರಿಯೆಂದರೆ ಗಣಿತದ ಪಾಠ ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು. ಅಜೀಜರ ವಿಜ್ಞಾನ ಮೂರನೇ ನಿಮಿಷಕ್ಕೇ ಕ್ರೇನಿನ ಕಡೆ ತಿರುಗುತ್ತಿತ್ತು. ಗೋಪಿನಾಥ ದಿನಾ ಅರ್ಧ ರಜೆ ಹಾಕಿ, ಮಧ್ಯಾಹ್ನ ಮಗಳು ಹೇಳಿಕೊಟ್ಟದ್ದನ್ನು ಸಂಜೆ ಹಾಗೆಯೇ, ಸೌಟನ್ನೂ ಬಿಡದೆ, ಒಪ್ಪಿಸುತ್ತಿದ್ದ. ರೋಟಿ ಕತ್ತರಿಸಿ ತೋರಿಸಿದ ದಿನ ಮಿಸೆಸ್ ಟಾನ್ ಎದ್ದು ನಿಂತು, ಅರವತ್ತು ವರ್ಷಕ್ಕೆ ಇದು ತಮಗೆ ಈಗ ತಿಳಿಯಿತು ಅಂದರು. ಝುಬೇದಾ ಗಂಡನ ಕಡೆ ತಿರುಗಿ, "ನೀವು ಗೋಲ್ಡ್ ಮೆಡಲ್ ಅಂತ ಹೇಳ್ತೀರಿ, ಇಷ್ಟು ಚಂದ ಒಂದಿನ ಹೇಳಿದ್ದುಂಟಾ?" ಎಂದು ಕೇಳಿದರು. ಅಜೀಜರು ತಲೆ ಬಗ್ಗಿಸಿ ನೋಟ್ಸ್ ಬರೆದುಕೊಂಡರು.

ಭವ್ಯಶ್ರೀಗೆ ಹೆಮ್ಮೆ ಹಿಡಿಯಲಾರದಷ್ಟಾಗಿ ಮೈಸೂರಿಗೆ ಫೋನ್ ಮಾಡಿಬಿಟ್ಟಳು. ಐದನೇ ದಿನ ಹಾಲಿನ ಮೇಜಿನ ಮೇಲೆ ಅಜೀಜರ ಲ್ಯಾಪ್‌ಟಾಪಿನಲ್ಲಿ ಮಾವನವರ ಮುಖ ಪ್ರತ್ಯಕ್ಷವಾಯಿತು, ಹಣೆಗೆ ಗಂಧ, ಹೆಗಲ ಮೇಲೆ ಶಲ್ಯ. ಅಳಿಯನ ಪಾಠ ಐದು ನಿಮಿಷ ಕೇಳಿ ತಲೆದೂಗಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರೇ, ಎಲ್ಲರ ಎದುರಿಗೆ ಒಂದು ಸಣ್ಣ ಲೆಕ್ಕ. ಒಂದು ನಲ್ಲಿ ತೊಟ್ಟಿಯನ್ನ ಮೂರು ಗಂಟೇಲಿ ತುಂಬುತ್ತೆ. ಇನ್ನೊಂದು ಆರು ಗಂಟೇಲಿ. ಎರಡೂ ಬಿಟ್ರೆ ಎಷ್ಟು ಹೊತ್ತು? ಬಾಯಲ್ಲೇ ಹೇಳ್ಬಿಡಿ, ನಿಮಗೇನು."

ನಲ್ಲಿಯ ಪಾಠ ಅಮೂಲ್ಯಾ ಇನ್ನೂ ಮಾಡಿರಲಿಲ್ಲ. ಹತ್ತೊಂಬತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಗೋಪಿನಾಥನಿಗೆ ಒಂದೇ ಒಂದು ಉಪಾಯ ಹೊಳೆಯಿತು. ಬಾಯಿ ಅರ್ಧ ತೆರೆದು, ಸೌಟು ಎತ್ತಿದ ಕೈಯನ್ನು ಎತ್ತಿದಂತೆಯೇ ಇಟ್ಟು, ಕಣ್ಣು ಮಿಟುಕಿಸದೆ ಅಲುಗಾಡದೆ ನಿಂತುಬಿಟ್ಟ, ವಿಡಿಯೋ ಸಿಕ್ಕಿಕೊಂಡಾಗ ನಿಲ್ಲುವಂತೆ.

ಪರದೆಯ ಮೇಲಿನ ಮುಖ ಇನ್ನೂ ಹತ್ತಿರ ಬಂತು. ಆಮೇಲೆ ಮಾವನವರ ದನಿ ಬಂತು. "ಭವ್ಯಾ, ಅಳಿಯಂದ್ರು ನಿಂತ್‌ಬಿಟ್ಟಿದಾರೆ. ಹಿಂದೆ ಫ್ಯಾನು ತಿರುಗ್ತಾ ಇದೆ. ಆ ತಾಯಿ ಟೀ ತಗೊಂಡು ಓಡಾಡ್ತಿದಾರೆ. ಅವರೊಬ್ರೇ ನಿಂತಿದಾರೆ. ಇದೆಂಥ ನೆಟ್‌ವರ್ಕಮ್ಮಾ?"

ಅಷ್ಟರಲ್ಲಿ ಅಪ್ಪನ ಮೇಲೆ ಪೂರ್ಣ ನಂಬಿಕೆಯಿದ್ದ ಅಮೂಲ್ಯಾ, ಇದೂ ಅಪ್ಪನ ಒಂದು ಆಟವೆಂದುಕೊಂಡು, ಓಡಿಹೋಗಿ ಹಾಲಿನ ವೈಫೈ ಆಫ್ ಮಾಡಿದಳು. ಮಾವನವರು ಮಾಯವಾದರು. ಗೋಪಿನಾಥ ಉಸಿರು ಬಿಟ್ಟು, "ಎರಡೂ ನಲ್ಲಿ ಚೆನ್ನಾಗಿದ್ವು, ನೆಟ್ಟೇ ಹಾಳಾಯ್ತು," ಅಂದ. ಭವ್ಯಶ್ರೀ ಗಂಡನನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು.

ಶನಿವಾರ ಬಂತು. ಎಂಟಕ್ಕೆ ತಲುಪಲು ಮೂರು ಕಾರುಗಳು ಮಕ್ಕಳನ್ನೂ ಕೂರಿಸಿಕೊಂಡು ಆರಕ್ಕೇ ಹೊರಟವು, ಹೆದ್ದಾರಿಯ ಜಾಮನ್ನು ನಂಬುವಂತಿಲ್ಲ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ನಾಲ್ಕು ಚೂಪಾದ ಪೆನ್ಸಿಲ್. ವಾಸಂತಿ ಎಲ್ಲರಿಗೂ ಫೋಟೋ ಅಂಟಿಸಿದ ಹಾಲ್ ಟಿಕೆಟ್ ತಾವೇ ಪ್ರಿಂಟ್ ಮಾಡಿಸಿದ್ದರು, ಕೇಳಿದರೆ ಇರಲಿ ಎಂದು. ಅಜೀಜರು ಜೇಬಿನಲ್ಲಿ ಚಿನ್ನದ ಪದಕ ಇಟ್ಟುಕೊಂಡಿದ್ದರು. ಎಂಚಿಕ್ ರೊಸ್ಲಿ ಗೇಟಿನಲ್ಲಿ ನಿಂತು ಸೈನಿಕರನ್ನು ಕಳಿಸುವವರಂತೆ ಕೈಬೀಸಿದರು.

ಶಾಲೆಯ ಬಾಗಿಲಲ್ಲಿ ಮುಖ್ಯ ಶಿಕ್ಷಕಿ ಪುವಾನ್ ಸಲ್ಮಾ, ಎಂದರೆ ಶ್ರೀಮತಿ ಸಲ್ಮಾ, ನಗುತ್ತ ನಿಂತಿದ್ದರು. ತರಗತಿಯಲ್ಲಿ ಎಲ್ಲವೂ ಮಕ್ಕಳ ಅಳತೆಯ ಕುರ್ಚಿ. ಅಜೀಜರು ಕೂತರು, ಆದರೆ ಮತ್ತೆ ಏಳುವ ಪ್ರಶ್ನೆ ಇರಲಿಲ್ಲ. ಪುಚೊಂಗಿನ ತಂಡ ಯಾರೂ ಹೇಳದೆಯೇ ಒಂದು ಕುರ್ಚಿ ಬಿಟ್ಟು ಒಂದರಲ್ಲಿ ಕೂತು, ಮುಂದಿದ್ದ ಖಾಲಿ ಹಾಳೆಯನ್ನು ಎಡಗೈಯಿಂದ ಮುಚ್ಚಿಕೊಂಡಿತು. ಉಳಿದ ಪೋಷಕರು ಅವರನ್ನು ಕುತೂಹಲದಿಂದ ನೋಡಿದರು.

ಮೊದಲು ತಮ್ಮ ಮಗುವಿನ ಚಿತ್ರ ಬರೆಯಲು ಹೇಳಿದರು. ಪೆನ್ಸಿಲ್, ರಬ್ಬರ್ ಅದಕ್ಕೇ. ವಾಸಂತಿ ಕೈ ಎತ್ತಿ, ಇದಕ್ಕೆಷ್ಟು ಮಾರ್ಕು ಎಂದು ಕೇಳಿದರು. ಮಾರ್ಕಿಲ್ಲ ಅಂದರು ಪುವಾನ್ ಸಲ್ಮಾ. ವಾಸಂತಿ ಗೋಪಿನಾಥನ ಕಡೆ ತಿರುಗಿ, "ಹೇಳಲ್ಲ ಅಷ್ಟೇ, ಹಾಕ್ಕೋತಾರೆ," ಎಂದು ಪಿಸುಗುಟ್ಟಿದರು.

ಆಮೇಲೆ ಮಕ್ಕಳನ್ನು ಕರೆತಂದು ಅವರವರ ಅಪ್ಪ ಅಮ್ಮನ ಎದುರು ಕೂರಿಸಿದರು. ಪ್ರತಿ ಮಗುವಿನ ಕೈಯಲ್ಲೂ ಒಂದು ಹಾಳೆ. ನಿಮ್ಮ ಅಪ್ಪ ಅಮ್ಮನಿಗೆ ಶಾಲೆಯಲ್ಲಿ ಏನು ಬರುತ್ತಿರಲಿಲ್ಲ, ಕೇಳಿ ಬರೆಯಿರಿ. ಈ ಶಾಲೆಗೆ ಬರುವ ಮಕ್ಕಳಲ್ಲಿ ಎಷ್ಟೋ ಮಂದಿ ತಪ್ಪಿಗೆ ಹೆದರಿಯೇ ಬರುತ್ತಾರೆ, ಅದಕ್ಕೇ ಮೊದಲ ಪಾಠ ಇದು ಎಂದು ಪುವಾನ್ ಸಲ್ಮಾ ಹೇಳಿದರು.

ಪುಚೊಂಗಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಅಸಲು ಪ್ರಶ್ನೆ ಇದೇ. ಮನೆಗೆ ಹತ್ತಿರ ಅಂದು ಸೀಟು ಕಳೆದುಕೊಂಡ ಅತ್ತಿಗೆ ಎಲ್ಲರ ಕಣ್ಣಮುಂದೆ ಹಾದುಹೋದರು.

"ನನಗೆ ಬಾರದ್ದು ಏನೂ ಇರ್ಲಿಲ್ಲ," ಅಂದರು ಅಜೀಜರು, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. ಝೈದ ಖಾಲಿ ಹಾಳೆ ಹಿಡಿದು ಕೂತ. ವಾಸಂತಿ ತಮ್ಮ ತಪ್ಪೆಂದರೆ ತಾವು ಅತಿಯಾಗಿ ಓದುತ್ತಿದ್ದದ್ದು ಎಂದು ಮಹಿತನಿಗೆ ಬರೆಸಿದರು. ಭವ್ಯಶ್ರೀ ಮಾತ್ರ ಸಲೀಸಾಗಿ, "ಹಾಡೋಕೆ ಬರ್ತಿರ್ಲಿಲ್ಲ, ಬರೀ," ಅಂದಳು. ಅಮೂಲ್ಯಾ ಬರೆದಳು. ಅದರ ಕೆಳಗೆ ಅಪ್ಪ ಎಂದು ಬರೆದು, ಮುಂದೆ ಒಂದು ಗೆರೆ ಎಳೆದು, ಪೆನ್ಸಿಲ್ ಕೆಳಗಿಟ್ಟಳು.

ಪುವಾನ್ ಸಲ್ಮಾ ಬಗ್ಗಿ ನೋಡಿದರು. ಅಪ್ಪನನ್ನು ಕೇಳಲಿಲ್ಲವೇ ಅಂದರು.

"ನೋ ನೀಡ್, ಟೀಚರ್," ಅಂದಳು ಅಮೂಲ್ಯಾ. "ಅಪ್ಪ ಗಾಟ್ ನೈಂಟಿ ಎಯ್ಟ್. ಇನ್ ಅವರ್ ಹೌಸ್ ಓನ್ಲಿ ಐ ಗೆಟ್ ರಾಂಗ್."

ಅವಳು ಅಳಲಿಲ್ಲ, ಮನೆಯ ವಿಳಾಸ ಹೇಳುವಷ್ಟು ಸಹಜವಾಗಿ ಹೇಳಿದಳು. ಗೋಪಿನಾಥನ ಎದೆಗೆ ಅದು ನೇರವಾಗಿ ಬಂದು ತಾಗಿತು. ಎದುರಿಗೆ ಶಿಕ್ಷಕಿ, ಅವರ ಕೈಯಲ್ಲಿ ಹನ್ನೊಂದು ತಿಂಗಳು ಕಾದ ಸೀಟು. ಪಕ್ಕದಲ್ಲಿ ಹೆಂಡತಿ. ಸುತ್ತ ಅವನನ್ನು ಮೇಷ್ಟ್ರೇ ಎಂದು ಕರೆಯಲು ಶುರುಮಾಡಿದ್ದ ಸ್ನೇಹಿತರು. ಬಾಯಿ ತುಂಬ ಏನೂ ಇರಲಿಲ್ಲ, ತಪ್ಪಿಸಿಕೊಳ್ಳಲು ದಾರಿಯೂ ಇರಲಿಲ್ಲ. ಅಥವಾ ಇತ್ತೇನೋ, ಅವನಿಗೆ ಮೊದಲ ಸಲ ಅದು ಬೇಡವೆನಿಸಿತು.

"ಅಮ್ಮೂ, ಆ ಗೆರೆ ಹೊಡೆದುಹಾಕು. ಹದಿನೇಳು ಅಂತ ಬರಿ."

"ಹದಿನೇಳು ಏನು?"

"ಮಾರ್ಕು. ಗಣಿತ, ನೂರಕ್ಕೆ. ಎರಡನೇ ಸಲ ಹತ್ತೊಂಬತ್ತು. ಮೂರನೇ ಸಲ ಪಾಸಾದೆ, ಅದೂ ನಾಲ್ಕು ಅವರೇ ಹಾಕಿದ್ದು. ತೊಂಬತ್ತೆಂಟು ಸುಳ್ಳು ಕಣೇ. ಬೇರೆಯವರು ಹೇಳಿದ್ದು, ಆದ್ರೆ ಅಲ್ಲ ಅನ್ನೋಕೆ ನನಗೆ ಧೈರ್ಯ ಬರ್ಲಿಲ್ಲ."

ವಾಸಂತಿಯ ಪೆನ್ಸಿಲ್ ಕೆಳಗೆ ಬಿತ್ತು. ಅಜೀಜರು ಎದ್ದು ನಿಲ್ಲಲು ನೋಡಿದರು, ಕುರ್ಚಿಯೂ ಜೊತೆಗೇ ಎದ್ದಿತು. ಭವ್ಯಶ್ರೀ ಗಂಡನ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿದಳು.

ಅಮೂಲ್ಯಾಳ ಲಕ್ಷ್ಯ ಬೇರೆ ಕಡೆ ಇತ್ತು. ಅವಳು ಏನನ್ನೋ ಹಿಂದಕ್ಕೆ ಹೋಗಿ ಲೆಕ್ಕ ಹಾಕುತ್ತಿದ್ದಳು. "ಅಪ್ಪಾ, ನಾನು ಟೀಚರ್ ಆಗಿದ್ನಲ್ಲ, ಆಗ ನೀನು ಆಕ್ಟಿಂಗ್ ಮಾಡ್ತಿರ್ಲಿಲ್ವಾ?"

"ಇಲ್ಲ."

"ಹಾಫ್ ಪ್ಲಸ್ ಒನ್ ಥರ್ಡ್ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

"ಇಲ್ಲ ಕಣೇ. ನೀನು ಹೇಳ್ಕೊಟ್ಟ ಮೇಲೇ ಗೊತ್ತಾಗಿದ್ದು. ನಲವತ್ತಾರು ವರ್ಷಕ್ಕೆ."

ಅಮೂಲ್ಯಾ ಎದ್ದು ಕುರ್ಚಿಯ ಮೇಲೆ ನಿಂತಳು. ಅವಳ ಮುಖ ಕೆಂಪಗಾಗಿತ್ತು. "ಅಜೀಜ್ ಅಂಕಲ್, ಅದು ನಾನು. ರೋಟಿ ಕಟ್ ಮಾಡಿದ್ದು ನಾನು. ಐ ಟಾಟ್ ಅಪ್ಪ, ಅಪ್ಪ ಟಾಟ್ ಯು. ಝುಬೇದಾ ಆಂಟಿಗೂ. ಮಿಸೆಸ್ ಟಾನ್‌ಗೂ. ಎವ್ರಿಬಡಿ."

ಅಜೀಜರು ಕುರ್ಚಿಸಮೇತ ಅರ್ಧ ಬಗ್ಗಿ ನಿಂತೇ ಅವಳ ಕಡೆ ತಿರುಗಿದರು. "ಹಾಗಾದ್ರೆ ನಮಗೆಲ್ಲ ಮೇಷ್ಟ್ರು ನೀನಾ ಮಗಾ?" ಅಂದರು. ಆಮೇಲೆ ಝೈದನ ಖಾಲಿ ಹಾಳೆ ನೋಡಿದರು, ಜೇಬಿನ ಪದಕ ಮುಟ್ಟಿ ನೋಡಿಕೊಂಡರು, ನಿಟ್ಟುಸಿರಿಟ್ಟರು. "ಝೈದ್, ಬರಿ. ಈಜು. ಸಮುದ್ರದ ಪಕ್ಕ ಹುಟ್ಟಿ ಈಜ್ಲಿಕ್ಕೆ ಬರ್ತಾ ಇರ್ಲಿಲ್ಲ. ಈಗ್ಲೂ ಬರೂದಿಲ್ಲ."

"ದಿನಾ ಬಂದರಿನಲ್ಲಿ ಕೆಲಸ ಇವರದ್ದು," ಅಂದರು ಝುಬೇದಾ, ಇಡೀ ತರಗತಿಗೆ. ಅದರ ಮೇಲೆ ನಗು ತಡೆಯಲಾಗಲಿಲ್ಲ.

ಗೋಪಿನಾಥ ಮಾತ್ರ ನಗಲಿಲ್ಲ. ಪುವಾನ್ ಸಲ್ಮಾರನ್ನು ಮೆಲ್ಲನೆ, ಸೀಟು ಹೋಯಿತೇ ಎಂದು ಕೇಳಿದ. ಆ ಹೆಂಗಸಿಗೆ ಪ್ರಶ್ನೆ ಅರ್ಥವಾಗಲು ಸಾಕಷ್ಟು ಹೊತ್ತು ಬೇಕಾಯಿತು, ಅಣ್ಣನ ಕಥೆಯನ್ನೂ ಹೇಳಬೇಕಾಯಿತು. ನೀವಿಬ್ಬರೂ ಬೆಳಿಗ್ಗೆ ಬಾಗಿಲಲ್ಲಿ ಕಾಲಿಟ್ಟಾಗಲೇ ದಾಖಲಾತಿ ಮುಗಿದಿತ್ತು ಎಂದು ಅವರು ಹೇಳಿದರು. ಪುಚೊಂಗಿನಲ್ಲಿ ಎಂಟು ದಿನ ತರಗತಿ ನಡೆದ ಸಂಗತಿ ಕೇಳಿ, ಅದಕ್ಕೆ ತಮ್ಮನ್ನೂ ಕರೆಯಬಹುದಿತ್ತು ಅಂದರು.

"ಸೀಟಿನ ಮಾತು ಆಮೇಲೆ," ಭವ್ಯಶ್ರೀ ಗಂಡನ ಕಿವಿಯ ಹತ್ತಿರ ಬಗ್ಗಿದಳು. "ಮೈಸೂರಿಗೆ ನೀವೇ ಫೋನ್ ಮಾಡಿ ಹೇಳ್ಬೇಕು. ನೆಟ್ ಹೋಯ್ತು ಅನ್ನೋ ಹಾಗಿಲ್ಲ." ಅವಳ ದನಿ ಗಟ್ಟಿಯಾಗಿತ್ತು, ಆದರೆ ತುಟಿಯ ಕೊನೆ ನಡುಗುತ್ತಿತ್ತು. ಅದು ಕೋಪವೋ ನಗುವೋ ಗೋಪಿನಾಥನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಅಷ್ಟರಲ್ಲಿ ಅಮೂಲ್ಯಾ ಕೆಳಗಿಳಿದು ಕೂತಿದ್ದಳು. ಹಾಳೆಯ ಮೇಲೆ ಹದಿನೇಳು ಎಂದು ದೊಡ್ಡದಾಗಿ ಬರೆದಿದ್ದಳು. ಪಕ್ಕದಲ್ಲಿ ಇಪ್ಪತ್ತೆರಡು ಎಂದು ಬರೆದು, ಕಳೆದು, ಐದು ಎಂದು ಕೆಳಗೆ ಹಾಕಿದಳು.

"ನಂದು ಫೈವ್ ಜಾಸ್ತಿ," ಅಂದಳು. ಆಮೇಲೆ ಹಾಳೆ ತಿರುಗಿಸಿ ಖಾಲಿ ಬದಿಯನ್ನು ಮೇಜಿನ ಮೇಲೆ ಚೆನ್ನಾಗಿ ಸವರಿ, ಪೆನ್ಸಿಲ್ ಹಿಡಿದು, ಹೊಳೆಯುವ ಕಣ್ಣಿನಿಂದ ಅಪ್ಪನ ಮುಖ ನೋಡಿದಳು. "ಅಪ್ಪಾ, ನಿಂಗೆ ಇನ್ನೂ ಏನೇನು ಬರಲ್ಲ?"

ಭವ್ಯಶ್ರೀ ತನ್ನ ಪುಟ್ಟ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಗೋಪಿನಾಥ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ದಶಮಾಂಶದಿಂದ ಶುರುಮಾಡಿದ.